ಯೀಸ್ಟಿಗೂ ಹೆಪ್ಪಿನ ನಿಯಮ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಪೋರ್ಟ್‌ಲೆಂಡಿನಲ್ಲಿರುವ ನಾನು ಒಂದು ವರ್ಷದಿಂದ ಮನೆಯಲ್ಲೇ ಬಿಯರ್ ತಯಾರಿಸುತ್ತಿದ್ದೇನೆ. ಒಣ ಯೀಸ್ಟಿನ ಪೊಟ್ಟಣ ಬಳಸಿ ಮಾಡಿದ 20 ಲೀಟರ್ ಪೇಲ್ ಏಲ್ ಎಂಬ ಬಗೆಯ ಬಿಯರ್ ಚೆನ್ನಾಗಿ ಬಂದಿತು. ಅದರ ತಳದಲ್ಲಿ ನಿಂತ ಯೀಸ್ಟಿನ ಗಷ್ಟನ್ನು ಕುದಿಸಿ ಆರಿಸಿದ ನೀರಿನಲ್ಲಿ ನಾಲ್ಕು ಸಲ ತೊಳೆದು, ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟಿದ್ದೆ. ಏಳು ವಾರಗಳ ನಂತರ ಅದರಿಂದ 100 ಮಿಲಿಲೀಟರ್ ತೆಗೆದು ಅದೇ ಬಗೆಯ ಬಿಯರಿಗೆ ಹಾಕಿದೆ. ಎರಡು ದಿನ ಏನೂ ಆಗಲಿಲ್ಲ. ಆಮೇಲೆ ಹುದುಗಿದರೂ 1.012ಕ್ಕೆ ಇಳಿಯಬೇಕಿದ್ದ ಸಾಂದ್ರತೆ (ನೀರಿನದು 1.000; ಸಕ್ಕರೆ ಹುದುಗಿದಂತೆ ಇಳಿಯುತ್ತದೆ) 1.022ರಲ್ಲೇ ನಿಂತಿದೆ, ರುಚಿಯೂ ಸಿಹಿ. ತಪ್ಪಿದ್ದು ಎಲ್ಲಿ?

ಉತ್ತರ: ಎಲ್ಲಕ್ಕಿಂತ ಮೊದಲ ಮಾತು, ಈ ಬಿಯರನ್ನು ಈಗಲೇ ಸೀಸೆಗೆ ತುಂಬಬೇಡಿ. ಉಳಿದಿರುವ ಸಕ್ಕರೆ ಮುಚ್ಚಿದ ಸೀಸೆಯೊಳಗೆ ಹುದುಗಲು ತೊಡಗಿದರೆ ಉಂಟಾಗುವ ಅನಿಲದ ಒತ್ತಡವನ್ನು ಸಾಮಾನ್ಯ ಗಾಜು ತಡೆಯಲಾರದು; ಸೀಸೆ ಸಿಡಿದು ಗಾಯಗೊಂಡವರಿದ್ದಾರೆ. ಪಾತ್ರೆಯನ್ನು 20–21 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿಡಿ. ಹೊಸ ಯೀಸ್ಟನ್ನು ಸ್ವಲ್ಪ ಮಾಲ್ಟ್ ರಸದಲ್ಲಿ (ಮೊಳಕೆ ಬರಿಸಿದ ಧಾನ್ಯದ ಸಿಹಿ ರಸ) ಎಬ್ಬಿಸಿ, ಅದು ನೊರೆಯುಕ್ಕಿಸಿ ಚುರುಕಾಗಿರುವಾಗಲೇ ಬಿಯರಿಗೆ ಸೇರಿಸಿ, ಸಾಂದ್ರತೆ ನಿರೀಕ್ಷಿತ ಮಟ್ಟದ ಸಮೀಪಕ್ಕೆ ಇಳಿದು ಮೂರು ದಿನ ಕದಲದೆ ನಿಲ್ಲುವವರೆಗೆ ಕಾಯಿರಿ. ಈ ಹಂತದಲ್ಲಿ ಬಿಯರನ್ನು ಕುಲುಕಿ ಗಾಳಿ ಸೇರಿಸಬಾರದು, ರುಚಿ ಕೆಡುತ್ತದೆ.

ಇನ್ನು ಕಾರಣಗಳು. ನೀವು ಅತ್ಯಂತ ಶ್ರದ್ಧೆಯಿಂದ ಮಾಡಿದ ತೊಳೆಯುವ ಕೆಲಸವೇ ಬೇಕಿರಲಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಯೀಸ್ಟಿನ ಮೇಲೆ ನಿಂತಿರುವ ಬಿಯರಿನಲ್ಲಿ ಆಲ್ಕೋಹಾಲ್ ಇದೆ, ಹುಳಿಯಿದೆ, ಹಾಪ್ಸ್ ಎಂಬ ಹೂವಿನ ಕಹಿಯಿದೆ. ಈ ಮೂರೂ ಸೇರಿ ಬ್ಯಾಕ್ಟೀರಿಯಾಗಳನ್ನು ದೂರವಿಡುತ್ತವೆ. ಬರಿಯ ನೀರಿಗೆ ಅಂಥ ಯಾವ ಕಾವಲೂ ಇಲ್ಲ. ಅಲ್ಲದೆ ತೊಳೆಯುವ ಒಂದೊಂದು ಸಲವೂ ಒಳ್ಳೆಯ ಕೋಶಗಳು ಚೆಲ್ಲಿಹೋಗುತ್ತವೆ, ಹೊರಗಿನ ಸೂಕ್ಷ್ಮಜೀವಿಗಳು ಒಳಬರಲು ದಾರಿಯಾಗುತ್ತದೆ. ಬಿಯರನ್ನು ಬಸಿದ ಬಳಿಕ ತಳದಲ್ಲಿ ಸ್ವಲ್ಪವನ್ನು ಹಾಗೆಯೇ ಬಿಟ್ಟು, ಪಾತ್ರೆಯನ್ನು ತಿರುಗಿಸಿ ಗಷ್ಟನ್ನು ಕದಡಿ, ಸ್ಯಾನಿಟೈಸರಿನಲ್ಲಿ ಅದ್ದಿದ ಜಾಡಿಗೆ ಸುರಿದು, ಆ ಬಿಯರಿನ ಕೆಳಗೇ ಅದನ್ನು 1ರಿಂದ 4 ಡಿಗ್ರಿಯ ತಂಪಿನಲ್ಲಿಟ್ಟರೆ ಸಾಕು. ಮುಚ್ಚಳವನ್ನು ಬಿಗಿಯಬೇಡಿ, ಒಳಗೆ ಅನಿಲ ಹುಟ್ಟುತ್ತಲೇ ಇರುತ್ತದೆ.

ಎರಡನೆಯದು, ಏಳು ವಾರ ಬಹಳ ದೀರ್ಘ ಕಾಲ. ತಂಪಿನಲ್ಲಿಯೂ ಯೀಸ್ಟ್ ತಾನು ಕೂಡಿಟ್ಟ ಗ್ಲೈಕೋಜನ್ ಎಂಬ ಆಹಾರವನ್ನು ತಿಂದುಕೊಂಡೇ ಬದುಕುತ್ತದೆ, ಅದು ಮುಗಿದಂತೆ ಕೋಶಗಳು ಸಾಯುತ್ತವೆ. ಒಂದೆರಡು ವಾರದೊಳಗೆ ನೇರವಾಗಿ ಬಳಸಬಹುದು. ತಿಂಗಳು ದಾಟಿದ್ದರೆ ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಸಾರ ಹಾಕಿ, ಕುದಿಸಿ, ಆರಿಸಿ, ಅದರಲ್ಲಿ ಯೀಸ್ಟನ್ನು ಮೊದಲು ಬೆಳೆಸಿಕೊಳ್ಳಬೇಕು.

ಪ್ರಮಾಣವೂ ಕಡಿಮೆಯಾಯಿತು. ಏಲ್ ಬಗೆಯ ಬಿಯರಿಗೆ, ಪ್ರತಿ ಮಿಲಿಲೀಟರ್ ರಸಕ್ಕೆ, ಪ್ರತಿ ಡಿಗ್ರಿ ಪ್ಲೇಟೊ (ರಸದಲ್ಲಿ ಕರಗಿದ ಸಕ್ಕರೆಯ ಶೇಕಡಾ ಅಳತೆ) ಸಾಂದ್ರತೆಗೆ, 7.5 ಲಕ್ಷ ಕೋಶಗಳೆಂಬುದು ರೂಢಿಯ ಲೆಕ್ಕ. 12 ಪ್ಲೇಟೊದ 20 ಲೀಟರಿಗೆ ಅದು 18,000 ಕೋಟಿ ಕೋಶಗಳಾಗುತ್ತದೆ. ಗಟ್ಟಿಯಾಗಿ ತಳ ನಿಂತ ತಾಜಾ ಗಷ್ಟಿನಲ್ಲಿ ಮಿಲಿಲೀಟರಿಗೆ ಸ್ಥೂಲವಾಗಿ 100 ಕೋಟಿ ಅಥವಾ ಅದಕ್ಕಿಂತ ತುಸು ಹೆಚ್ಚು ಕೋಶಗಳಿರುವುದರಿಂದ 150–200 ಮಿಲಿಲೀಟರ್ ಬೇಕು. ತಂಪಿನಲ್ಲಿ ಹುದುಗಿಸುವ ಲಾಗರ್ ಬಿಯರಿಗೆ ಇದರ ಇಮ್ಮಡಿ. ಹಾಗೆಂದು ತಳದ ಗಷ್ಟನ್ನೆಲ್ಲ ಸುರಿಯುವುದೂ ಸರಿಯಲ್ಲ. ಯೀಸ್ಟ್ ಅತಿಯಾದರೆ ಹೊಸ ಕೋಶಗಳು ಹುಟ್ಟುವುದೇ ಕಡಿಮೆಯಾಗುತ್ತದೆ, ಜರ್ಮನಿಯ ಗೋಧಿ ಬಿಯರಿನಂಥದ್ದರಲ್ಲಿ ಬಾಳೆಹಣ್ಣಿನ ಪರಿಮಳ ಮಂಕಾಗಬಹುದು.

ನಿಮ್ಮ ಪತ್ರದಲ್ಲಿ ಇಲ್ಲದ ಇನ್ನೊಂದು ಸಂಗತಿಯನ್ನು ಕೇಳಬೇಕೆನಿಸುತ್ತದೆ: ಎರಡನೆಯ ಸಲ ಮಾಲ್ಟ್ ರಸಕ್ಕೆ ಗಾಳಿ ಸೇರಿಸಿದ್ದಿರಾ? ಒಣ ಯೀಸ್ಟನ್ನು ಕಾರ್ಖಾನೆಯಲ್ಲಿ ಧಾರಾಳ ಆಮ್ಲಜನಕ ಕೊಟ್ಟು ಬೆಳೆಸಿರುವುದರಿಂದ ಕೋಶದ ಪೊರೆಗೆ ಬೇಕಾದ ಸ್ಟೆರಾಲ್ ಎಂಬ ಕೊಬ್ಬಿನಂಶ ಅದರಲ್ಲಿ ಮೊದಲೇ ತುಂಬಿರುತ್ತದೆ, ಆದ್ದರಿಂದಲೇ ಮೊದಲ ಸಲ ಗಾಳಿಯಿಲ್ಲದಿದ್ದರೂ ನಡೆಯುತ್ತದೆ. ಆದರೆ ಪ್ರತಿಯೊಂದು ಮರಿಕೋಶವೂ ತಾಯಿಕೋಶದ ಆ ದಾಸ್ತಾನಿನಲ್ಲಿ ಪಾಲು ಪಡೆಯುವುದರಿಂದ ಒಂದು ಬಿಯರ್ ಮುಗಿಯುವಷ್ಟರಲ್ಲಿ ಅದು ಬರಿದಾಗಿರುತ್ತದೆ. ಉಳಿಸಿದ ಯೀಸ್ಟ್ ಹಾಕುವ ಮುನ್ನ, ಪೂರ್ತಿ ಆರಿದ ರಸವನ್ನು ಕೆಲವು ನಿಮಿಷ ಜೋರಾಗಿ ಕುಲುಕಲೇಬೇಕು. ಮೊದಲ ಬಿಯರ್ ಚೆನ್ನಾಗಿ ಬಂದು ಎರಡನೆಯದು ಅರ್ಧದಲ್ಲೇ ನಿಲ್ಲುವುದಕ್ಕೆ ಅನೇಕ ವೇಳೆ ಇದೂ ಒಂದು ಕಾರಣವಾಗಿರುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿರುವ ನಾನು ಇದನ್ನು ಮನೆಯಲ್ಲಿ ಮಾಡಬಹುದೆ?

ಉತ್ತರ: ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾದ ಕಾನೂನು ಸ್ವಂತ ಬಳಕೆಗೆ ಮಿತ ಪ್ರಮಾಣದಲ್ಲಿ ಬಿಯರ್ ತಯಾರಿಕೆಯನ್ನು ತೆರಿಗೆಯಿಂದ ಬಿಟ್ಟಿದೆ. ಇಲ್ಲಿ ಅಂಥ ವಿನಾಯಿತಿಯಿಲ್ಲ.

ಪ್ರಶ್ನೆ: ಮೆಲ್ಬರ್ನಿನಲ್ಲಿ ಬಿಯರ್ ಮಾಡುವ ನನ್ನ ಮಗನ ಪರವಾಗಿ ಕೇಳುತ್ತಿದ್ದೇನೆ. ನಾವು ಮೊಸರಿನ ಹೆಪ್ಪನ್ನು ವರ್ಷಗಟ್ಟಲೆ ಮುಂದುವರಿಸುವಂತೆ ಒಂದೇ ಯೀಸ್ಟನ್ನು ಎಷ್ಟು ಸಲ ಬಳಸಬಹುದು?

ಉತ್ತರ: ನಿಮ್ಮ ಹೋಲಿಕೆ ಬಹಳ ಸಮರ್ಪಕವಾಗಿದೆ. ಪಶ್ಚಿಮ ನಾರ್ವೆಯ ರೈತರು ಕ್ವೈಕ್ ಎಂಬ ತಮ್ಮ ಮನೆತನದ ಯೀಸ್ಟನ್ನು ಮರದ ಬಳೆಗಳಿಗೋ ಬಟ್ಟೆಗೋ ಅಂಟಿಸಿ ಒಣಗಿಸಿಟ್ಟುಕೊಂಡು ತಲೆಮಾರುಗಳವರೆಗೆ ಉಳಿಸಿಕೊಂಡು ಬಂದಿದ್ದಾರೆ; ತಮ್ಮದು ಕೆಟ್ಟರೆ ನೆರೆಮನೆಯಿಂದ ಕಡ ತರುತ್ತಿದ್ದರು, ನಾವು ಬಟ್ಟಲು ಹಿಡಿದು ಹೆಪ್ಪಿಗೆ ಹೋಗುವ ಹಾಗೆ. ಆದರೆ ಹುಳಿಮೊಸರಿನ ಹೆಪ್ಪು ಮರುದಿನದ ಮೊಸರನ್ನೂ ಹುಳಿಯಾಗಿಸುವಂತೆ ಯೀಸ್ಟಿನೊಂದಿಗೆ ಬಂದ ದೋಷವೂ ಮುಂದಿನ ಬಿಯರಿಗೆ ದಾಟುತ್ತದೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯ ಬಿಯರೇ ಕಾಡು ಯೀಸ್ಟ್ ಬೆರೆತು ಕೆಟ್ಟಾಗ, ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ಕೊಟ್ಟರು. ಕಾರ್ಖಾನೆ ಆ ಯೀಸ್ಟನ್ನು ಬಚ್ಚಿಡದೆ ಬೇರೆಯವರಿಗೂ ಹಂಚಿತು. ನನಗೆ ಬಹಳ ಹಿಡಿಸಿದ ನಡೆ ಅದು.

ಸೂಕ್ಷ್ಮದರ್ಶಕವಿಲ್ಲದ ಮನೆಯಲ್ಲಿ ನಾಲ್ಕೈದು ಸಲ ಸಾಕು. ತೆಳುವಾದ, ಕಡಿಮೆ ಆಲ್ಕೋಹಾಲಿನ ಬಿಯರಿನಿಂದ ಗಟ್ಟಿಯಾದ, ಕಪ್ಪು ಬಿಯರಿನ ಕಡೆಗೆ ಸಾಗಬೇಕು. ಆರಂಭದ ಸಾಂದ್ರತೆ 1.070 ಮೀರಿದ ಬಿಯರಿನ ಯೀಸ್ಟ್ ದಣಿದಿರುವುದರಿಂದ ಅದನ್ನು ಉಳಿಸುವುದು ಬೇಡ. ಜಾಡಿ ತೆರೆದಾಗ ಬ್ರೆಡ್ಡಿನ ಅಥವಾ ಬಿಯರಿನ ವಾಸನೆಯಿದ್ದು ಬಣ್ಣ ಕೆನೆಯಂತಿದ್ದರೆ ಬಳಸಲಿ. ವಿನಿಗರ್ ಅಥವಾ ಸುಟ್ಟ ರಬ್ಬರಿನ ವಾಸನೆ ಬಂದರೆ, ಮೇಲೆ ಪೊರೆ ಕಟ್ಟಿದ್ದರೆ, ಗಷ್ಟು ಕಂದಾಗಿದ್ದರೆ, ಹಿಂಜರಿಯದೆ ಚೆಲ್ಲಿ ಹೊಸ ಪೊಟ್ಟಣ ಒಡೆಯಲಿ.