ಅಕ್ಕ ಎಂಜಿನಿಯರ್, ಅಪ್ಪ ಡಿಪ್ಲೊಮಾ. ಅಮೆರಿಕದ ಕಾಲೇಜು ಅರ್ಜಿಯಲ್ಲಿ ನಾನು ‘ಫಸ್ಟ್ ಜನರೇಷನ್’ ಅಂತ ಹಾಕಬಹುದಾ?

ನಿಮ್ಮ ಅಮ್ಮನೂ ಡಿಗ್ರಿ ಮುಗಿಸಿಲ್ಲ ಅಂದರೆ, ಸಾಮಾನ್ಯವಾಗಿ ಹಾಕಬಹುದು. ‘ಫಸ್ಟ್ ಜನರೇಷನ್’ ಅಂದರೆ ಕಾಲೇಜು ಓದಿನಲ್ಲಿ ಮನೆಯ ಮೊದಲ ತಲೆಮಾರು. ಅಲ್ಲಿ ನೋಡುವುದು ಅಪ್ಪ ಅಮ್ಮನ ಓದನ್ನು, ಅಕ್ಕನದ್ದಲ್ಲ. ಅಮೆರಿಕದ 1965ರ ಉನ್ನತ ಶಿಕ್ಷಣ ಕಾಯ್ದೆಯಡಿ ನಡೆಯುವ ‘ಟ್ರಯೋ’ ಅನ್ನುವ ಸರ್ಕಾರಿ ವಿದ್ಯಾರ್ಥಿ ನೆರವು ಯೋಜನೆಗಳ ಪ್ರಕಾರ, ಹೆತ್ತವರಲ್ಲಿ ಯಾರೊಬ್ಬರೂ ಬ್ಯಾಚುಲರ್ ಡಿಗ್ರಿ ಮುಗಿಸಿರಬಾರದು. ಒಬ್ಬರ ಆಸರೆಯಲ್ಲೇ ಬೆಳೆದವರಾದರೆ ಅವರೊಬ್ಬರ ಓದು ಮಾತ್ರ ಲೆಕ್ಕ.

ಹೆತ್ತವರೇ ಯಾಕೆ? ಕಾಲೇಜಿನ ಒಳದಾರಿಗಳು ಮನೆಯ ಮಾತಿನಲ್ಲೇ ಮಕ್ಕಳಿಗೆ ದಾಟುತ್ತವೆ ಅನ್ನುವುದು ಇದರ ಹಿಂದಿನ ಲೆಕ್ಕ. ಪ್ರೊಫೆಸರ್ ‘ಆಫೀಸ್ ಅವರ್ಸ್’ ಅಂತ ಬೋರ್ಡ್ ಹಾಕಿದರೆ, ‘ಅವರು ಬ್ಯುಸಿ, ಹೋಗಬಾರದು’ ಅಂದುಕೊಂಡು ಸುಮ್ನೆ ವಾಪಸ್ ಬರುವ ಹುಡುಗರಿದ್ದಾರೆ. ಅದು ಡೌಟ್ ಕೇಳಲಿಕ್ಕೆಂದೇ ಇಟ್ಟ ಸಮಯ! ಫೀಸಿನ ನೆರವಿನ ಫಾರಂ, ಅದರ ಕೊನೇ ದಿನಾಂಕ, ಎಲ್ಲದರಲ್ಲೂ ಇದೇ ಕಥೆ. ದುಡ್ಡಿದ್ದರೂ ಈ ತಿಳಿವಳಿಕೆ ಇಲ್ಲದಿರಬಹುದು, ಅದಕ್ಕೇ ಇದನ್ನು ಆದಾಯದಿಂದ ಬೇರೆಯಾಗಿ ಕೇಳುತ್ತಾರೆ.

ನಮ್ಮವರು ಜಾಸ್ತಿ ಎಡವುವುದು ಇನ್ನೊಂದು ಕಡೆ. ಅಮೆರಿಕಕ್ಕೆ ಬಂದ ಮೊದಲ ತಲೆಮಾರು ಅನ್ನುವುದೇ ಬೇರೆ, ಇದೇ ಬೇರೆ. ಅಮ್ಮ ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದರೆ ಅದೂ ಡಿಗ್ರಿಯೇ ಅಲ್ವಾ? ಆಗ ‘ಫಸ್ಟ್ ಜನರೇಷನ್’ ಅಂತ ಹಾಕುವ ಹಾಗಿಲ್ಲ.

ಅಪ್ಪನ ಡಿಪ್ಲೊಮಾ ಮಾತ್ರ ಸ್ವಲ್ಪ ತೊಡಕು. ಕೆಲವು ಕಾಲೇಜುಗಳು ‘ಹೆತ್ತವರು ಕಾಲೇಜು ಮೆಟ್ಟಿಲೇ ಹತ್ತಿರಬಾರದು’ ಅನ್ನುತ್ತವೆ. ಆ ಕಾಲೇಜಿನ ನಿಯಮ ಓದಿಯೇ ಟಿಕ್ ಹಾಕಿ. ತಮಿಳುನಾಡಿನ ‘ಮೊದಲ ಪದವೀಧರ’ ಫೀಸ್ ರಿಯಾಯಿತಿಯನ್ನು ಇದಕ್ಕೆ ಹೋಲಿಸಬೇಡಿ, ಅಲ್ಲಿ ಅಕ್ಕನ ಡಿಗ್ರಿಯೂ ಅಡ್ಡ ಬರುತ್ತದೆ.