ಟಿಕ್ ಫೀವರ್ ಔಷಧಿ ನಡೆಯುತ್ತಿರುವ ನಾಲ್ಕು ತಿಂಗಳ ನಾಯಿಮರಿಯನ್ನು ಬೋರ್ಡಿಂಗ್‌ಗೆ (ದುಡ್ಡು ಪಡೆದು ನಾಯಿ ನೋಡಿಕೊಳ್ಳುವ ಜಾಗಕ್ಕೆ) ಬಿಡಬಹುದೇ?

ಮರಿಗೆ ನಾಲ್ಕು ತಿಂಗಳು, ಎರ್ಲಿಕಿಯಾ (ಟಿಕ್ ಫೀವರ್ ತರುವ ಬ್ಯಾಕ್ಟೀರಿಯಾ) ಪಾಸಿಟಿವ್, ಅದರ ಆ್ಯಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಶುರುವಾಗಿ ಹತ್ತು ದಿನ, ಮುಂದಿನ ವಾರ ಬೆಂಗಳೂರಿನಿಂದ ಹುಬ್ಬಳ್ಳಿಗೆ ಮದುವೆಗೆ ಐದು ದಿನ ಹೋಗಬೇಕು ಅಂದಿದ್ದೀರಿ. ನನ್ನ ಪ್ರಕಾರ ಬೋರ್ಡಿಂಗ್ ಕೊನೆಯ ದಾರಿ. ಟಿಕ್ ಫೀವರ್ ಉಣುಗು ಕಚ್ಚಿಯೇ ಬರಬೇಕು, ಹಾಗಾಗಿ ಅದು ನಾಯಿಯಿಂದ ನಾಯಿಗೆ ನೇರವಾಗಿ ಅಂಟುವ ಭಯ ಕಡಿಮೆ. ದೊಡ್ಡ ಭಯ ಪಾರ್ವೋದ್ದು, ಅಂದರೆ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗದ್ದು. ಹುಷಾರಿಲ್ಲದ ಮರಿಗೆ ಸಾಮಾನ್ಯವಾಗಿ ಲಸಿಕೆ ಮುಂದೂಡುತ್ತಾರೆ, ಹಾಗಾಗಿ ನಿಮ್ಮ ಮರಿಯ ಲಸಿಕೆಯೂ ಬಾಕಿ ಇರಬಹುದು. 16 ವಾರದ ಡೋಸ್ ಬಿದ್ದು ಎರಡು ವಾರ ಕಳೆಯದ ಮರಿಯನ್ನು ನಾಲ್ಕಾರು ನಾಯಿ ಓಡಾಡುವ ಜಾಗಕ್ಕೆ ಬಿಡಬೇಡಿ. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಫಿನೈಲ್‌ಗೆ ಸಾಯುವುದಿಲ್ಲ. ಬೇರೆ ನಾಯಿಯಿಲ್ಲದ, ಗುರುತಿರುವವರ ಮನೆ ಸಿಕ್ಕರೆ ಅದೇ ಒಳ್ಳೆಯದು.

ಹೊರಡುವ ಎರಡು ದಿನ ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಮಾಡಿಸಿ. ನಾಯಿಗೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸುಮಾರು 2ರಿಂದ 5 ಲಕ್ಷ ಇರಬೇಕು. 50 ಸಾವಿರಕ್ಕಿಂತ ಕೆಳಗಿದ್ದರೆ ಎಲ್ಲಿಗೂ ಬಿಡಬೇಡಿ, ಯಾರಾದರೂ ಒಬ್ಬರು ಮನೆಯಲ್ಲೇ ಉಳಿಯಿರಿ.

ಇನ್ನು ಮಾತ್ರೆ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ನಮ್ಮ ಕಡೆ ಮಾತ್ರೆಯನ್ನು ಮೊಸರನ್ನದಲ್ಲೋ ಹಾಲಿನಲ್ಲೋ ಕಲಸಿ ತಿನ್ನಿಸಿಬಿಡುತ್ತಾರೆ. ಅವುಗಳ ಕ್ಯಾಲ್ಸಿಯಂಗೆ ಡಾಕ್ಸಿಸೈಕ್ಲಿನ್ ಅಂಟಿಕೊಂಡು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ರಾಗಿಯಲ್ಲೂ ಕ್ಯಾಲ್ಸಿಯಂ ಜಾಸ್ತಿ, ಹಾಗಾಗಿ ಅಂಬಲಿಯನ್ನೂ ಮಾತ್ರೆಯ ಹಿಂದೆ ಮುಂದೆ ಎರಡು ಗಂಟೆ ಬಿಟ್ಟೇ ಕೊಡಬೇಕು. ಬೇಯಿಸಿದ ಚಿಕನ್ ಚೂರಿನಲ್ಲೋ ಮೊಟ್ಟೆಯಲ್ಲೋ ಮುಚ್ಚಿಟ್ಟು ಕೊಡಿ, ಹೊಟ್ಟೆ ಖಾಲಿ ಇರಬಾರದು, ವಾಂತಿಯಾಗುತ್ತದೆ. ಕೊಟ್ಟ ಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ 5 ಎಂಎಲ್ ನೀರು ಕೆನ್ನೆಯ ಪಕ್ಕದಿಂದ ನಿಧಾನಕ್ಕೆ ಬಿಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಮಾತ್ರೆ ಅಲ್ಲೇ ಸುಟ್ಟ ಹಾಗೆ ಹುಣ್ಣು ಮಾಡುತ್ತದೆ. ರೂಢಿಯ ಪ್ರಮಾಣ ದಿನಕ್ಕೆ ಕೆಜಿಗೆ 10 ಮಿಲಿಗ್ರಾಂ, 28 ದಿನ. 5 ಕೆಜಿ ಮರಿಗೆ 100ರ ಮಾತ್ರೆಯಲ್ಲಿ ಅರ್ಧ. ನಿಮ್ಮ ಡಾಕ್ಟರ್ ಬರೆದಿದ್ದೇ ಅಂತಿಮ. ನೀವೇ ಅರ್ಧ ಮಾಡಿ, ದಿನಕ್ಕೊಂದು ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದು, ಎರಡು ಪೊಟ್ಟಣ ಜಾಸ್ತಿ ಇಡಿ. ಒಂದು ದಿನ ಮರೆತರೆ ಮರುದಿನ ಎರಡು ಡೋಸ್ ಕೊಡಬಾರದು. ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಇದ್ದರೆ ಅದನ್ನು ಥಟ್ಟನೆ ನಿಲ್ಲಿಸುವ ಹಾಗೂ ಇಲ್ಲ. ಜ್ವರ ಕಂಡಿತೆಂದು ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ ಎಂದು ದಪ್ಪಕ್ಷರದಲ್ಲೇ ಬರೆದಿಡಿ.

ಊಟ ಮಾಮೂಲಿಯದೇ ಇರಲಿ. ಬದಲಾದರೆ ಭೇದಿ ಶುರುವಾಗಿ ಅದು ರೋಗದ್ದೋ ಊಟದ್ದೋ ಗೊತ್ತಾಗುವುದಿಲ್ಲ.

ಜೊತೆಗೇ ಕರೆದೊಯ್ಯುವುದಾದರೆ ಕಾರು ವಾಸಿ. ರೈಲಿನಲ್ಲಿ ನಾಯಿಗೆ ಇರುವುದು ಫಸ್ಟ್ ಎಸಿ ಕೂಪೆ, ಇಲ್ಲವೇ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಎರಡನೆಯದು ಈ ಮರಿಗೆ ಬೇಡವೇ ಬೇಡ. ಹೊರಡುವ ಮೂರು ಗಂಟೆ ಮೊದಲು ಸ್ವಲ್ಪ ಊಟ ಸಾಕು. ಪೂರ್ತಿ ಉಪವಾಸ ಕೆಡವಿದರೆ ಸಣ್ಣ ಮರಿಗೆ ಸಕ್ಕರೆ ಇಳಿಯಬಹುದು. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಆದರೆ ಢಾಬಾ ಪಕ್ಕದ ಹುಲ್ಲಿಗೆ ಇಳಿಸಬೇಡಿ. ಪಾರ್ವೋ, ಉಣುಗು ಎರಡೂ ಅಲ್ಲೇ ಕಾದಿರುತ್ತವೆ.

ನೋಡಿಕೊಳ್ಳುವವರಿಗೆ ಫೈಲಿನ ಫೋಟೋ, ಡಾಕ್ಟರ್ ನಂಬರ್, ನೀವು ಫೋನಿಗೆ ಸಿಗದಿದ್ದರೂ ಚಿಕಿತ್ಸೆ ಕೊಡಿಸಿ ಎಂಬ ಸಹಿ ಮಾಡಿದ ಚೀಟಿ, ಸ್ವಲ್ಪ ದುಡ್ಡು ಕೊಟ್ಟು ಹೋಗಿ. ದಿನಾ ಒಸಡು, ಹೊಟ್ಟೆಯ ಚರ್ಮ ನೋಡಲಿ. ಒಸಡು ಬಿಳಿಚಿದರೆ, ಕೆಂಪು ಚುಕ್ಕೆ ಎದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಜ್ವರ 103 ಡಿಗ್ರಿ ದಾಟಿದರೆ, ಎರಡು ಹೊತ್ತು ಊಟ ಬಿಟ್ಟರೆ ನಿಮಗೆ ಫೋನ್ ಮಾಡುತ್ತಾ ಕೂರದೆ ಮೊದಲು ಆಸ್ಪತ್ರೆಗೆ ಒಯ್ಯಲಿ.