ಸಿಗ್ವಿನ್‌ನಲ್ಲಿ ಕಾಮ್3 ಪೋರ್ಟ್ ಸಿಗುತ್ತಿಲ್ಲ: ಪ್ರತಿಕ್ರಿಯೆ

ಸಿಗ್ವಿನ್‌ನಲ್ಲಿ (ವಿಂಡೋಸ್ ಮೇಲೆ ಲಿನಕ್ಸ್ ಮಾದರಿಯ ಆದೇಶಗಳನ್ನು ಓಡಿಸುವ ತಂತ್ರಾಂಶ) ಕಾಮ್3 ತೆರೆಯಲು /ಡೆವ್/ಟಿಟಿವೈಎಸ್3 ಕೊಟ್ಟರೆ 'ಅಂಥ ಫೈಲ್ ಇಲ್ಲ' ಅಂತ ಬರುತ್ತಿದೆ ಅಂದಿದ್ದೀರಿ. ಬಹುಶಃ ಇದು ಒಂದಂಕಿ ಹೆಚ್ಚುಕಮ್ಮಿಯ ತೊಂದರೆ. ವಿಂಡೋಸ್ ಸೀರಿಯಲ್ (ಮಾಹಿತಿಯನ್ನು ಒಂದೊಂದೇ ಬಿಟ್ ಆಗಿ ಸಾಗಿಸುವ) ಪೋರ್ಟ್‌ಗಳನ್ನು 1ರಿಂದ ಎಣಿಸುತ್ತದೆ, ಸಿಗ್ವಿನ್ 0ಯಿಂದ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್3 ಅಂತ ಇದ್ದರೆ ಇಲ್ಲಿ ಅದು /ಡೆವ್/ಟಿಟಿವೈಎಸ್2. ನೀವು ಟಿಟಿವೈಎಸ್3 ಕೊಟ್ಟಿದ್ದೀರಿ. ಅದು ಕಾಮ್4, ನಿಮ್ಮಲ್ಲಿ ಇಲ್ಲದ ಪೋರ್ಟ್. 'ಅಂಥ ಫೈಲ್ ಇಲ್ಲ' ಅನ್ನದೆ ಇನ್ನೇನು ಅನ್ನುತ್ತೆ, ಅಲ್ವಾ?

ಮೊದಲು ಆ ಪೋರ್ಟ್ ಹಿಡಿದಿರುವ ಬೇರೆ ಪ್ರೋಗ್ರಾಮ್‌ಗಳನ್ನೆಲ್ಲ ಮುಚ್ಚಿ. ಒಂದು ಸಲಕ್ಕೆ ಒಬ್ಬರಿಗಷ್ಟೇ ಅದು ತೆರೆಯುವುದು. ಆಮೇಲೆ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಕೊಡಿ:

ಎಸ್‌ಟಿಟಿವೈ -ಎಫ್ /ಡೆವ್/ಟಿಟಿವೈಎಸ್2 -ಎ

ಎಫ್ ದೊಡ್ಡಕ್ಷರ. ಟಿಟಿವೈಎಸ್‌ನ ಕೊನೆಯ ಎಸ್ ಕೂಡ ದೊಡ್ಡಕ್ಷರವೇ. ಉಳಿದದ್ದೆಲ್ಲ ಚಿಕ್ಕಕ್ಷರ. ಬಾಡ್ ರೇಟ್ (ಮಾಹಿತಿ ಸಾಗುವ ವೇಗ) ಮತ್ತಿತರ ಸೆಟ್ಟಿಂಗ್‌ಗಳು ಬಂದರೆ ಹೆಸರು ಸರಿ ಇದೆ ಅಂತಾಯ್ತು. ನಂತರ -ಎ ಜಾಗದಲ್ಲಿ 9600 ಹಾಕಿ ವೇಗ ಹೊಂದಿಸಿ. ನಿಮ್ಮ ಸಾಧನದ ವೇಗ ನೀವು ಹೇಳಿಲ್ಲ, ಬೇರೆ ಇದ್ದರೆ ಅದನ್ನೇ ಹಾಕಿ.

/ಡೆವ್/ಕಾಮ್3 ಅನ್ನುವ ಹೆಸರೂ ನಡೆಯುತ್ತೆ. ಆದರೆ ಸ್ಕ್ರಿಪ್ಟ್ ಮುಂದೆ ಲಿನಕ್ಸ್‌ಗೂ ಬೇಕಾದರೆ ಟಿಟಿವೈಎಸ್ ರೂಪವೇ ವಾಸಿ.

ಒಂದು ಎಚ್ಚರಿಕೆ: ಸಿಗ್ವಿನ್ ಒಳಗಿಂದ ಓಡಿಸಿದರೂ ಮಾಮೂಲಿ ವಿಂಡೋಸ್ ಪ್ರೋಗ್ರಾಮ್‌ಗೆ /ಡೆವ್ ದಾರಿ ಅರ್ಥವಾಗುವುದಿಲ್ಲ. ಅದಕ್ಕೆ ಸುಮ್ನೆ ಕಾಮ್3 ಅಂತಲೇ ಕೊಡಿ. ಯುಎಸ್‌ಬಿ ಅಡಾಪ್ಟರ್ ಆದರೆ, ಬೇರೆ ಪೋರ್ಟ್‌ಗೆ ಚುಚ್ಚಿದಾಗ ಸಂಖ್ಯೆ ಬದಲಾಗಬಹುದು. ಡಿವೈಸ್ ಮ್ಯಾನೇಜರ್ ಮತ್ತೆ ನೋಡಿ, ಒಂದು ಕಳೆದು ಬರೆಯಿರಿ.